ಎಚ್‌ಎಫ್‌ಕ್ಯೂ ಬಾಲದ ಹಿಂದೆ ಬಿದ್ದ ಎರಡು ವರ್ಷ

ನನ್ನ ಪಿಎಚ್‌ಡಿಯ ಮೊದಲ ಎರಡು ವರ್ಷ ಒಂದು ಬಾಲದ ಹಿಂದೆ ಹೋಯಿತು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಎಚ್‌ಎಫ್‌ಕ್ಯೂ ಅಂತ ಒಂದು ಪ್ರೋಟೀನ್ ಇದೆ. 102 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಇಂಥ ಆರು ಸರಪಳಿ ಸೇರಿದರೆ ಉದ್ದಿನ ವಡೆಯ ಹಾಗೆ ಒಂದು ಉಂಗುರ, ನಡುವೆ ತೂತು. ಪ್ರತಿ ಸರಪಳಿಯ ಮೊದಲ 65 ಅಮೈನೋ ಆಮ್ಲಗಳು ಗಟ್ಟಿಯಾಗಿ ಮಡಚಿಕೊಂಡು ಈ ವಡೆ ಆಗುತ್ತದೆ. ಉಳಿದ 37ಕ್ಕೆ ಗೊತ್ತಾದ ಆಕಾರವೇ ಇಲ್ಲ. ನೀರಿಗೆ ಬಿಟ್ಟ ದಾರದ ಹಾಗೆ ಆಡುತ್ತಿರುತ್ತದೆ. ಅಂದರೆ ಒಂದು ವಡೆಗೆ ಆರು ಬಾಲ.

ಈ ಪ್ರೋಟೀನಿನ ಕೆಲಸ ಒಂಥರಾ ದಲ್ಲಾಳಿಯದು. ಬ್ಯಾಕ್ಟೀರಿಯಾಕ್ಕೆ ಚಳಿ, ಹಸಿವು, ಏನಾದರೂ ಕಷ್ಟ ಬಂದಾಗ ಚಿಕ್ಕ ಚಿಕ್ಕ ಆರ್‌ಎನ್‌ಎಗಳು ಹುಟ್ಟುತ್ತವೆ. ಅವನ್ನು ಸರಿಯಾದ ಸಂದೇಶವಾಹಕ ಆರ್‌ಎನ್‌ಎ ಜೊತೆ ಜೋಡಿ ಮಾಡಿಸುವುದು ಎಚ್‌ಎಫ್‌ಕ್ಯೂ. ನಾನು ಹಿಡಿದುಕೊಂಡದ್ದು ಡಿಎಸ್‌ಆರ್‌ಎ ಅನ್ನುವ 87 ಅಕ್ಷರದ ಆರ್‌ಎನ್‌ಎ. ಚಳಿಯಲ್ಲಿ ಅದು ಆರ್‌ಪಿಒಎಸ್ ಅನ್ನುವ ಜೀನಿನ ಸಂದೇಶದ ಜೊತೆ ಜೋಡಿಯಾಗಿ, ಅದರ ಮುಚ್ಚಿಕೊಂಡ ತುದಿಯನ್ನು ಬಿಡಿಸುತ್ತದೆ. ಆಗ ಪ್ರೋಟೀನ್ ಕಟ್ಟುವ ರೈಬೋಸೋಮ್‌ಗೆ ಓದಲು ಜಾಗ ಸಿಗುತ್ತದೆ.

ಬಾಲ ಏನು ಮಾಡುತ್ತದೆ ಅನ್ನುವುದರ ಬಗ್ಗೆ ಜಗಳ ಇತ್ತು. ಪ್ರೋಟೀನನ್ನು ಹರಳುಗಟ್ಟಿಸಿ ಕಂಡ ರಚನೆಗಳಲ್ಲಿ ವಡೆ ಚೆನ್ನಾಗಿ ಕಾಣುತ್ತಿತ್ತು, ಬಾಲ ಕಾಣುತ್ತಿರಲಿಲ್ಲ. 2008ರಲ್ಲಿ ಒಂದು ತಂಡ ಬಾಲ ಬೇಕೇ ಬೇಕು ಎಂದಿತು. 2010ರಲ್ಲಿ ಇನ್ನೊಂದು ತಂಡ ಬೇಕಾಗಿಲ್ಲ ಎಂದಿತು. 2016ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಸಾರಾ ವುಡ್ಸನ್ ತಂಡ ಇದನ್ನು ಬಹುಮಟ್ಟಿಗೆ ಬಿಡಿಸಿತು. ನಾನು ಸೇರುವಾಗ ಆ ಪ್ರಬಂಧ ಆಗಲೇ ಬಂದಿತ್ತು, ಓದಿಯೂ ಇದ್ದೆ. ಆದರೆ ನಮ್ಮ ಗೈಡ್ ಮೇಡಂ, "ಓದಿದ್ದು ಸಾಕು, ನಿನ್ನ ಕೈಯಲ್ಲಿ ಬರುತ್ತಾ ನೋಡು. ಆಮೇಲೆ ಹೊಸದು ಮಾತಾಡೋಣ" ಎಂದರು.

ಕೈಯಲ್ಲಿ ಬರಲಿಲ್ಲ. ಪೂರ್ತಿ ಪ್ರೋಟೀನ್ ಶುದ್ಧ ಮಾಡುವುದು ಮೇಲ್ನೋಟಕ್ಕೆ ಸುಲಭ. ಬಾಲದಲ್ಲಿ ನಾಲ್ಕು ಹಿಸ್ಟಿಡಿನ್ ಇವೆ, ಆರು ಬಾಲಕ್ಕೆ 24. ಹಿಸ್ಟಿಡಿನ್ ನಿಕಲ್‌ಗೆ ಅಂಟುವ ಅಮೈನೋ ಆಮ್ಲ. ಹಾಗಾಗಿ ಹಿಡಿಯಲೆಂದು ಬೇರೆ ಟ್ಯಾಗ್ ಜೋಡಿಸದೆಯೇ ನಿಕಲ್ ಕಾಲಮ್‌ಗೆ (ಪ್ರೋಟೀನ್ ಬೇರ್ಪಡಿಸುವ ಕೊಳವೆ) ಅಂಟಿಕೊಳ್ಳುತ್ತದೆ. (ಬೇರೆ ಪ್ರೋಟೀನ್ ಮಾಡುವವರಿಗೆ ಇದೇ ತಲೆನೋವು. ಕರೆಯದೇ ಬರುವ ನೆಂಟ.) ಶಾಖಕ್ಕೂ ಬಗ್ಗುವುದಿಲ್ಲ. ಒಡೆದ ಜೀವಕೋಶದ ರಸವನ್ನು 80 ಡಿಗ್ರಿಗೆ ಕಾಯಿಸಿದರೆ ಉಳಿದ ಪ್ರೋಟೀನ್‌ಗಳು ಮೊಸರಿನ ಹಾಗೆ ಒಡೆದು ತಳಕ್ಕೆ ಕೂರುತ್ತವೆ, ಇದು ಮೇಲೆ ತಿಳಿಯಾಗಿ ಉಳಿಯುತ್ತದೆ. ಬೆಳೆಸುವಾಗ ಮಾತ್ರ ಎಚ್‌ಎಫ್‌ಕ್ಯೂ ಜೀನ್ ತೆಗೆದ ತಳಿಯನ್ನೇ ಬಳಸಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾದ ಸ್ವಂತ ಸರಪಳಿಯೂ ನಿಮ್ಮ ವಡೆಯೊಳಗೆ ಸೇರಿ ಬಾಲ ಇದ್ದದ್ದು, ಇಲ್ಲದ್ದು ಕಲಸುಮೇಲೋಗರ ಆಗುತ್ತದೆ.

ತೊಂದರೆ ಏನೆಂದರೆ, ಆರ್‌ಎನ್‌ಎ ಹಿಡಿಯುವುದೇ ಇದರ ಕಸುಬು. ಶುದ್ಧ ಮಾಡಿ ಮುಗಿಸಿದಾಗಲೂ ಯಾರದೋ ಆರ್‌ಎನ್‌ಎ ಹಿಡಿದುಕೊಂಡೇ ಕೂತಿರುತ್ತದೆ. ಅದನ್ನು ತೆಗೆಯಲು ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ಎ ಅನ್ನುವ ಕಿಣ್ವ ಹಾಕಿದೆ. ಆ ಕಿಣ್ವವೂ ಬಿಸಿಗೆ ಸಾಯುವುದಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ಕೊನೆಗೆ ಟ್ಯೂಬಿನಲ್ಲಿ ಸ್ವಲ್ಪ ಉಳಿದು, ನಾನು ಕಷ್ಟಪಟ್ಟು ಬಣ್ಣ ಅಂಟಿಸಿದ ಡಿಎಸ್‌ಆರ್‌ಎಯನ್ನೇ ಮೇಯ್ದು ಹಾಕಿತು. ಮೂರು ತಿಂಗಳ ಕೆಲಸ ಜೆಲ್ (ಆರ್‌ಎನ್‌ಎಗಳನ್ನು ಬೇರ್ಪಡಿಸಿ ತೋರಿಸುವ ಲೋಳೆ ಹಾಳೆ) ಮೇಲೆ ಮಸಿ ಒರೆಸಿದ ಹಾಗೆ ಕಂಡಿತು. ಆಮೇಲೆ ಆರ್‌ಎನ್‌ಏಸ್ ಬಿಟ್ಟು, ಕಾಲಮ್ ಮೇಲೆಯೇ 1.5 ಮೋಲಾರ್ ಉಪ್ಪಿನ ನೀರಿನಲ್ಲಿ ಚೆನ್ನಾಗಿ ತೊಳೆಯಲು ಶುರು ಮಾಡಿದೆ. ಇವತ್ತಿಗೂ ಅದೇ ರೂಢಿ.

ಇನ್ನೊಂದು ತಪ್ಪು ಇದಕ್ಕಿಂತ ನಾಚಿಕೆಯದು. ಬಾಲ ಕತ್ತರಿಸಿದ ಪ್ರೋಟೀನ್ ಆರ್‌ಎನ್‌ಎಯನ್ನು ಒಂದೂವರೆ ಪಟ್ಟು ಜಾಸ್ತಿ ಹಿಡಿಯುತ್ತದೆ ಅಂತ ಲ್ಯಾಬ್ ಮೀಟಿಂಗ್‌ನಲ್ಲಿ ಎದೆಯುಬ್ಬಿಸಿ ಹೇಳಿದೆ. ಪ್ರೋಟೀನ್ ಎಷ್ಟಿದೆ ಅಂತ ಅಳೆಯುವುದು ಅದು ಹೀರುವ ಬೆಳಕಿನಿಂದ. ಹೀರುವುದು ಮುಖ್ಯವಾಗಿ ಟ್ರಿಪ್ಟೋಫಾನ್, ಟೈರೋಸಿನ್ ಅನ್ನುವ ಅಮೈನೋ ಆಮ್ಲಗಳು. ಎಚ್‌ಎಫ್‌ಕ್ಯೂನಲ್ಲಿ ಟ್ರಿಪ್ಟೋಫಾನ್ ಇಲ್ಲ, ಇರುವುದು ಮೂರೇ ಟೈರೋಸಿನ್. ಅದರಲ್ಲಿ ಒಂದು ಬಾಲದಲ್ಲಿದೆ. ಬೆಳಕು ಹೀರುವ ಲೆಕ್ಕದಲ್ಲಿ ಪೂರ್ತಿ ಸರಪಳಿಗೆ 4470, ಕತ್ತರಿಸಿದ್ದಕ್ಕೆ 2980. ನಾನು ಎರಡಕ್ಕೂ 4470 ಹಾಕಿದ್ದೆ! ಅಂದರೆ ಅಂದುಕೊಂಡದ್ದಕ್ಕಿಂತ ಒಂದೂವರೆ ಪಟ್ಟು ಪ್ರೋಟೀನ್ ಸುರಿದಿದ್ದೆ. ಲೆಕ್ಕ ಸರಿಮಾಡಿದ ಮೇಲೆ ಆ ವ್ಯತ್ಯಾಸ ಮಾಯ.

"ಹಾಗಾದರೆ ಬಾಲದಿಂದ ಏನೂ ಉಪಯೋಗ ಇಲ್ಲ ಮೇಡಂ" ಎಂದೆ, ಸೋತ ದನಿಯಲ್ಲಿ.

"ಹಿಡಿದದ್ದು ನೋಡಿದೆ, ಸರಿ. ಬಿಟ್ಟದ್ದು ಯಾವಾಗ ನೋಡ್ತೀಯ?" ಎಂದರು.

ಜೆಲ್ ಕೊಡುವುದು ಎಲ್ಲ ಮುಗಿದ ಮೇಲಿನ ಫೋಟೋ. ನಡುವೆ ಏನಾಯಿತು ಅನ್ನುವುದು ಅದರಲ್ಲಿ ಇಲ್ಲ. ಅದಕ್ಕೆ ಎರಡು ದ್ರಾವಣಗಳನ್ನು ಕೆಲವೇ ಮಿಲಿಸೆಕೆಂಡಿನಲ್ಲಿ ಬೆರೆಸಿ ಬೆಳಕು ಅಳೆಯುವ ಯಂತ್ರದ ಮುಂದೆ ಕೂತೆ. ಒಂದು ದ್ರಾವಣದಲ್ಲಿ ಹೇರ್‌ಪಿನ್ ಆಕಾರದ ಪುಟ್ಟ ಪತ್ತೆದಾರ. ಅದರ ಒಂದು ತುದಿಗೆ ಬಣ್ಣ, ಇನ್ನೊಂದು ತುದಿಗೆ ಬಣ್ಣ ನಂದಿಸುವ ಅಣು. ಆರ್‌ಎನ್‌ಎ ಜೊತೆ ಜೋಡಿಯಾದರೆ ಪಿನ್ ಬಿಚ್ಚಿ ಬೆಳಕು ಏರುತ್ತದೆ. ಮೊದಲ ಸುತ್ತಿನಲ್ಲಿ ಬಾಲ ಇದ್ದದ್ದೂ ಇಲ್ಲದ್ದೂ ಒಂದೇ ವೇಗದಲ್ಲಿ ಜೋಡಿ ಮಾಡಿಸಿದವು. ಆಮೇಲೆ ಪ್ರೋಟೀನ್ ಕಡಿಮೆ, ಆರ್‌ಎನ್‌ಎ ಜಾಸ್ತಿ ಇಟ್ಟು ಮಾಡಿದೆ. ಬಾಲ ಇದ್ದದ್ದು ಒಂದು ಜೋಡಿ ಮುಗಿಸಿ ಇನ್ನೊಂದಕ್ಕೆ ಹೋಯಿತು. ಬಾಲ ಇಲ್ಲದ್ದು ಮುಗಿದ ಜೋಡಿಯನ್ನು ಕೈಬಿಡದೆ ಕೂತಿತು. ಮದುವೆ ಆದ ಮೇಲೂ ಛತ್ರ ಖಾಲಿ ಮಾಡದ ದಲ್ಲಾಳಿ, ಅಲ್ವಾ?

ಕಾರಣ ಬಾಲದ ತುದಿಯಲ್ಲಿದೆ. ಕೊನೆಯ ಆರು ಅಮೈನೋ ಆಮ್ಲಗಳಲ್ಲಿ ನಾಲ್ಕಕ್ಕೆ ಋಣ ವಿದ್ಯುದಂಶ. ವಡೆಯ ಅಂಚಿನಲ್ಲಿ 16, 17, 19ನೇ ಜಾಗದ ಆರ್ಜಿನಿನ್‌ಗಳಿವೆ, ಅವಕ್ಕೆ ಧನ ವಿದ್ಯುದಂಶ. ಆರ್‌ಎನ್‌ಎಗಳು ಜೋಡಿಯಾಗುವುದು ಅಲ್ಲೇ. ಆರ್‌ಎನ್‌ಎಯ ಬೆನ್ನೂ ಋಣ, ಬಾಲದ ತುದಿಯೂ ಋಣ. ಹಾಗಾಗಿ ಬಾಲ ಬಂದು ಆರ್‌ಎನ್‌ಎ ವೇಷ ಹಾಕಿಕೊಂಡು ಆ ಜಾಗಕ್ಕೆ ಕೂರುತ್ತದೆ. ಜೋಡಿಯಾಗಿ ಹಿಡಿತ ಸಡಿಲವಾದ ಆರ್‌ಎನ್‌ಎಯನ್ನು ಹೊರಗೆ ತಳ್ಳುತ್ತದೆ. ಸುಮ್ನೆ ಅಂಟಲು ಬಂದ ಅಪ್ರಯೋಜಕ ಆರ್‌ಎನ್‌ಎಗೂ ಜಾಗ ಕೊಡುವುದಿಲ್ಲ. ಗಟ್ಟಿ ಆಕಾರ ಇದ್ದಿದ್ದರೆ ಹೀಗೆ ಬಂದು, ಕೂತು, ಮತ್ತೆ ಎದ್ದು ಹೋಗಲು ಆಗುತ್ತಿತ್ತೇ? ನನಗೆ ಅನುಮಾನ. 2017ರಲ್ಲಿ ವುಡ್ಸನ್ ತಂಡವೇ ಈ ಆಮ್ಲೀಯ ತುದಿಯ ಆಟವನ್ನು ವಿವರವಾಗಿ ತೋರಿಸಿತು.

ಇದನ್ನು ಮಾಡಲು ಹೊರಡುವವರಿಗೆ ಒಂದು ಮಾತು: ಉಪ್ಪು ನೋಡಿಕೊಳ್ಳಿ. ಆಟ ಪೂರ್ತಿ ವಿದ್ಯುದಂಶದ್ದು. ಬಫರ್‌ನಲ್ಲಿ ಉಪ್ಪು ಜಾಸ್ತಿಯಾದರೆ ಬಾಲ ಇದ್ದರೂ ಇಲ್ಲದ ಹಾಗೆ. ಶುದ್ಧ ಮಾಡುವಾಗಿನ 1.5 ಮೋಲಾರ್ ಪೂರ್ತಿ ಹೋಗುವವರೆಗೆ ಡಯಾಲಿಸಿಸ್ ಮಾಡದೆ ನಾನೊಂದು ವಾರ ಕಳೆದುಕೊಂಡೆ.

ಮನುಷ್ಯರಲ್ಲೂ ಇಂಥದ್ದಿದೆ. ಜಿ3ಬಿಪಿ1 ಅನ್ನುವ ಪ್ರೋಟೀನಿನಲ್ಲಿ ಆರ್ಜಿನಿನ್ ತುಂಬಿದ ಸಡಿಲ ಬಾಲ ಆರ್‌ಎನ್‌ಎ ಹಿಡಿಯುತ್ತದೆ, ಅದೇ ಸರಪಳಿಯ ಆಮ್ಲೀಯ ಸಡಿಲ ಭಾಗ ಅದನ್ನು ಕಟ್ಟಿಹಾಕುತ್ತದೆ. ಆದರೆ ನನಗೆ ವಡೆಯೇ ಸಾಕು.

ಈಗ ಬಾಲವನ್ನು ಪೂರ್ತಿ ಕತ್ತರಿಸುವುದು ಬಿಟ್ಟಿದ್ದೇನೆ. ಕತ್ತರಿಸಿದರೆ ಹಿಸ್ಟಿಡಿನ್, ಟೈರೋಸಿನ್, ಉದ್ದ ಎಲ್ಲ ಒಟ್ಟಿಗೆ ಹೋಗುತ್ತದೆ, ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಉದ್ದ ಹಾಗೇ ಇಟ್ಟು, ತುದಿಯ ಆ ನಾಲ್ಕನ್ನು ಮಾತ್ರ ವಿದ್ಯುದಂಶ ಇಲ್ಲದವಕ್ಕೆ ಬದಲಾಯಿಸಿದ್ದೇನೆ. ಟೈರೋಸಿನ್ ಮೂರೂ ಅಲ್ಲೇ ಇವೆ, ಹಾಗಾಗಿ ಈ ಸಲ 4470 ಹಾಕಿದರೆ ಸರಿ. ಆದರೂ ಟ್ಯೂಬಿನ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿಟ್ಟಿದ್ದೇನೆ.