ವಿಜ್ಞಾನದ ಪಿರಿಯಡ್‌ನಲ್ಲಿ ಐದು ಸಾಲು

ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ ನಾನು ವಿಜ್ಞಾನ, ಗಣಿತ ಕಲಿಸುತ್ತೇನೆ. ಬರವಣಿಗೆ ಕನ್ನಡ ಮೇಷ್ಟರ ಪಾಲಿನದು ಎಂದೇ ಬಹಳ ವರ್ಷ ನಂಬಿದ್ದೆ. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ಒಂದಕ್ಷರ ತಪ್ಪದೆ ಇಳಿಸಿಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ‘ಏಕೆ?’ ಎಂದು ಕೇಳಿದರೆ ಮಾತ್ರ ಉತ್ತರದ ಜಾಗ ಖಾಲಿ.

ಈಗ ವಾರಕ್ಕೊಮ್ಮೆ ಪಾಠದ ಕೊನೆಯ ಹತ್ತು ನಿಮಿಷ ಐದು ಸಾಲು ಬರೆಸುತ್ತೇನೆ. ನೀವೂ ಹೀಗೆ ಶುರು ಮಾಡಿ: ಮಕ್ಕಳು ಕಣ್ಣಾರೆ ಕಂಡದ್ದನ್ನೇ ಕೊಡಿ. ನಮ್ಮಲ್ಲಿ ಅದು ರೇಷ್ಮೆ ಹುಳು. ‘ನಿನ್ನೆ ರಾತ್ರಿ ಹುಳು ಸಾಕುವ ತಟ್ಟೆಯಲ್ಲಿ ಏನು ಕಂಡೆ? ಕಂಡದ್ದನ್ನು ಮಾತ್ರ ಬರೆ, ಊಹೆ ಬೇಡ’ ಎನ್ನುತ್ತೇನೆ.

ಒಬ್ಬ ಹುಡುಗಿ ‘ಹುಳುವಿಗೆ ಮೂರನೇ ಜ್ವರ’ ಎಂದು ಬರೆದಿದ್ದಳು. ಕೆಂಪು ಪೆನ್ನು ಎತ್ತಿದ್ದೆ, ಇಳಿಸಿದೆ. ಜ್ವರ ಬಂದದ್ದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಸೊಪ್ಪು ಮುಟ್ಟುತ್ತಿಲ್ಲ, ತಲೆ ಎತ್ತಿ ಅಲುಗಾಡದೆ ಕುಳಿತಿದೆ, ಅಪ್ಪ ಸೊಪ್ಪು ನಿಲ್ಲಿಸಿ ಸುಣ್ಣದ ಪುಡಿ ಉದುರಿಸಿದರು ಎಂದಳು. ಅಷ್ಟನ್ನೂ ಬರೆಸಿದೆ. ಪುಸ್ತಕ ಪೊರೆ ಕಳಚುವುದು ಎನ್ನುವುದನ್ನೇ ನಮ್ಮ ರೈತರು ಜ್ವರ ಎನ್ನುತ್ತಾರೆ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಕಳಚುತ್ತದೆ. ಎರಡು ಪದಗಳನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಅವಳು ಮುಂದಿನ ಸಾಲು ಬರೆದಳು. ಮನೆಯ ಮಾತನ್ನು ಹೊಡೆದುಹಾಕಿದ್ದರೆ ಆ ನಾಲ್ಕು ಸಾಲು ಹುಟ್ಟುತ್ತಲೇ ಇರಲಿಲ್ಲ.

ಗಣಿತದಲ್ಲಿ ಬರೆಸುವ ವಾಕ್ಯವೇ ಬೇರೆ. ಒಂದು ಚಿಟ್ಟೆ ಇಡುವ ನೂರಾರು ಮೊಟ್ಟೆಗಳ ಗುಂಪನ್ನೇ ನಮ್ಮ ರೈತರು ಒಂದು ‘ಮೊಟ್ಟೆ’ ಎಂದು ಎಣಿಸುತ್ತಾರೆ. ಒಬ್ಬರಿಗೆ 150 ಮೊಟ್ಟೆಗೆ 105 ಕೆ.ಜಿ. ಗೂಡು ಬಂತು, ಪಕ್ಕದವರಿಗೆ 200 ಮೊಟ್ಟೆಗೆ 130 ಕೆ.ಜಿ. ಯಾರ ಬೆಳೆ ಚೆನ್ನಾಗಿದೆ? ಹೆಚ್ಚು ತೂಕದವರದೇ ಎಂದು ಅರ್ಧ ತರಗತಿ ಕೂಗುತ್ತದೆ. 100 ಮೊಟ್ಟೆಗೆ ಲೆಕ್ಕ ಹಾಕಿದರೆ 70 ಮತ್ತು 65. ಉತ್ತರ ಬಂದ ಮೇಲೆ ‘ಎರಡನ್ನೂ 100ಕ್ಕೆ ಏಕೆ ತಂದೆ?’ ಎಂಬುದನ್ನು ಎರಡು ವಾಕ್ಯದಲ್ಲಿ ಬರೆಯಲೇಬೇಕು. ಅನುಪಾತ ಅರ್ಥವಾಗಿದೆಯೋ ಇಲ್ಲವೋ ಎಂಬುದು ಅಲ್ಲಿ ಬಯಲಾಗುತ್ತದೆ.

ಸಮಾಜ ವಿಜ್ಞಾನದವರು ‘ಆದ್ದರಿಂದ’, ‘ಆದರೂ’ ಎಂಬ ಪದಗಳನ್ನು ಬಳಸಿಯೇ ಬರೆಯಿರಿ ಎನ್ನಲಿ. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಅದರಿಂದ ತಮ್ಮ ಊರಿನವರಿಗೆ ಏನು ಬದಲಾಯಿತೆಂದು ಅಜ್ಜನನ್ನು ಕೇಳಿ ಬರೆಯಲಿ.

ನಮ್ಮ ಕಡೆ ಬಹಳ ಮಕ್ಕಳ ಮನೆಮಾತು ತೆಲುಗು. ಬರೆಯುವ ಮೊದಲು ಪಕ್ಕದವರೊಂದಿಗೆ ಎರಡು ನಿಮಿಷ ತೆಲುಗಿನಲ್ಲೇ ಮಾತಾಡಿಕೊಳ್ಳಲಿ, ತಡೆಯಬೇಡಿ. ವಿಚಾರ ಕೂಡಿಬಂದರೆ ಕನ್ನಡದ ವಾಕ್ಯ ಹಿಂದೆಯೇ ಬರುತ್ತದೆ.

ತಿದ್ದುವಾಗ ಒಂದೇ ಒಂದು ಪ್ರಶ್ನೆಯನ್ನು ಅಂಚಿನಲ್ಲಿ ಬರೆಯಿರಿ: ‘ಎಷ್ಟು ಹೊತ್ತು?’, ‘ಯಾವ ಬಣ್ಣ?’ ಕಾಗುಣಿತವನ್ನು ಎರಡನೆಯ ಸಲ ನೋಡಿದರಾಯಿತು. ಐವತ್ತು ಪುಸ್ತಕ ದಿನಕ್ಕೇ ಮುಗಿಯುವುದಿಲ್ಲ. ನಾನು ದಿನಕ್ಕೆ ಹತ್ತರಂತೆ ನೋಡುತ್ತೇನೆ, ಶುಕ್ರವಾರದೊಳಗೆ ಎಲ್ಲರ ಪುಸ್ತಕವೂ ಕೈಸೇರುತ್ತದೆ.