ವರ್ಬ್ ಒಂಟಿಯಾಗಿ ಬರುವುದಿಲ್ಲ

‘ಪ್ಲೀಸ್ ಎಕ್ಸ್‌ಪ್ಲೇನ್ ಮಿ ದಿಸ್.’ ಈ ವಾಕ್ಯವನ್ನು ನಾನು ವರ್ಷಗಟ್ಟಲೆ ಧೈರ್ಯವಾಗಿ ಹೇಳಿಕೊಂಡು ಓಡಾಡಿದ್ದೇನೆ. ಪದಗಳೆಲ್ಲ ಗೊತ್ತು, ಅರ್ಥ ಗೊತ್ತು, ಟೆನ್ಸೂ ಸರಿ. ಆದರೂ ವಾಕ್ಯ ತಪ್ಪು. ‘ಎಕ್ಸ್‌ಪ್ಲೇನ್ ದಿಸ್ ಟು ಮಿ’ ಅನ್ನಬೇಕು. ‘ಟೆಲ್ ಮಿ’ ಸರಿ, ‘ಶೋ ಮಿ’ ಸರಿ, ‘ಎಕ್ಸ್‌ಪ್ಲೇನ್ ಮಿ’ ಮಾತ್ರ ಯಾಕೆ ಆಗಲ್ಲ?

ಟೆನ್ಸ್ ಕೋಷ್ಟಕ ಎಷ್ಟು ತಿರುವಿದರೂ ಇದಕ್ಕೆ ಉತ್ತರ ಸಿಗದು. ಇಂಗ್ಲಿಷ್‌ನಲ್ಲಿ ತನ್ನ ಜೊತೆ ಯಾರು ಬರಬೇಕು, ಹೇಗೆ ಬರಬೇಕು ಅನ್ನುವುದನ್ನು ಪ್ರತಿ ವರ್ಬೂ ತಾನೇ ಗೊತ್ತು ಮಾಡಿಕೊಂಡಿರುತ್ತದೆ. ಅದೇ ವರ್ಬ್ ಪ್ಯಾಟರ್ನ್. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಇಬ್ಬರು ಜೊತೆಗಾರರೊಂದಿಗೆ ಸೇರಿ ಮಾಡಿದ ಡಿಕ್ಷನರಿ 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. ಅದರಲ್ಲಿ ವರ್ಬ್‌ಗಳನ್ನು 25 ಪ್ಯಾಟರ್ನ್‌ಗಳಾಗಿ ವಿಂಗಡಿಸಿದ್ದರು. ನಮಗೆ 25 ಬೇಡ. ದಿನನಿತ್ಯದ ಮಾತಿಗೆ ನಾಲ್ಕೈದು ಹಿಡಿತಕ್ಕೆ ಬಂದರೆ ಸಾಕು.

ಮೊದಲ ಹೆಜ್ಜೆ: ವರ್ಬ್ ಸಿಕ್ಕ ತಕ್ಷಣ ನಿಂತು, ‘ಏನನ್ನು?’ ಎಂದು ಕೇಳಿ. ‘ಶಿ ಸ್ಲೆಪ್ಟ್’ ಅಂದರೆ ಮಾತು ಮುಗಿಯಿತು. ‘ಶಿ ಬಾಟ್’ ಅಂದರೆ ಮುಗಿಯಲಿಲ್ಲ, ಏನನ್ನು ಕೊಂಡಳು ಅಂತ ಹೇಳಲೇಬೇಕು. ‘ಎಂಜಾಯ್’ ಕೂಡ ಹೀಗೇ. ‘ವಿ ಎಂಜಾಯ್ಡ್ ಎ ಲಾಟ್’ ಅಂತ ನಾವು ನಿಲ್ಲಿಸಿಬಿಡುತ್ತೇವೆ. ಆ ವರ್ಬ್‌ಗೆ ಏನಾದರೂ ಬೇಕೇ ಬೇಕು: ‘ವಿ ಎಂಜಾಯ್ಡ್ ದ ಟ್ರಿಪ್’, ಏನೂ ಹೊಳೆಯದಿದ್ದರೆ ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’. ಕೆಲವು ವರ್ಬ್‌ಗಳು ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ‘ಡಿಸ್ಕಸ್ ದ ಪ್ಲಾನ್’ ಸರಿ, ‘ಡಿಸ್ಕಸ್ ಅಬೌಟ್ ದ ಪ್ಲಾನ್’ ತಪ್ಪು. ಕನ್ನಡದಲ್ಲಿ ‘ಪ್ಲಾನ್ ಬಗ್ಗೆ ಚರ್ಚೆ’ ಅನ್ನುತ್ತೇವಲ್ಲ, ಆ ‘ಬಗ್ಗೆ’ ಅಲ್ಲಿಗೂ ಬಂದು ಕೂರುತ್ತದೆ. ‘ಲಿಸನ್’ ಮತ್ತು ‘ವೇಟ್’ ಇದಕ್ಕೆ ತದ್ವಿರುದ್ಧ. ‘ಲಿಸನ್ ಟು ಮಿ’, ‘ವೇಟ್ ಫಾರ್ ಮಿ’. ಅಲ್ಲಿ ಆ ಪುಟ್ಟ ಪದ ಬಿಡುವ ಹಾಗಿಲ್ಲ.

ಎರಡನೆಯದು, ಇಬ್ಬರನ್ನು ಕರೆತರುವ ವರ್ಬ್‌ಗಳು. ನಮಗೆ ಜಾಸ್ತಿ ಕಷ್ಟ ಆಗುವುದು ಇಲ್ಲೇ. ‘ಅಮ್ಮ ಮಗುವಿಗೆ ಚೆಂಡು ಕೊಟ್ಟಳು’ ಅನ್ನಿ, ‘ಚೆಂಡನ್ನು ಮಗುವಿಗೆ ಅಮ್ಮ ಕೊಟ್ಟಳು’ ಅನ್ನಿ, ಏನೂ ಕೆಡುವುದಿಲ್ಲ. ಯಾರಿಗೆ, ಏನನ್ನು ಅಂತ ‘ಗೆ’, ‘ಅನ್ನು’ ಹೇಳಿಬಿಡುತ್ತವೆ. ಇಂಗ್ಲಿಷ್‌ಗೆ ಆ ಸೌಕರ್ಯ ಇಲ್ಲ. ಯಾರು ಎಲ್ಲಿ ಕೂತಿದ್ದಾರೆ ಅನ್ನುವುದರಲ್ಲೇ ಅರ್ಥ. ‘ಗೇವ್ ದ ಚೈಲ್ಡ್ ಎ ಬಾಲ್’ ಅಂದಾಗ ವ್ಯಕ್ತಿ ಮೊದಲು, ವಸ್ತು ಆಮೇಲೆ. ಜಾಗ ಅದಲುಬದಲಾದರೆ ನಡುವೆ ‘ಟು’ ಬರಬೇಕು: ‘ಗೇವ್ ಎ ಬಾಲ್ ಟು ದ ಚೈಲ್ಡ್’. ‘ಬೈ’, ‘ಮೇಕ್’, ‘ಕುಕ್’ ಥರದವಕ್ಕೆ ‘ಟು’ ಬದಲು ‘ಫಾರ್’: ‘ಬಾಟ್ ಎ ಬುಕ್ ಫಾರ್ ಮಿ’.

ಗಿವ್, ಸೆಂಡ್, ಶೋ, ಟೆಲ್ ಎರಡೂ ರೀತಿಗೆ ಒಪ್ಪುತ್ತವೆ. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಅನೌನ್ಸ್ ಒಪ್ಪುವುದಿಲ್ಲ. ಲ್ಯಾಟಿನ್ ಮೂಲದ ಉದ್ದ ಪದಗಳು ಬಹುಪಾಲು ಹೀಗೆ ಬಿಗುಮಾನದವು. ಹಳೆಯ ಗಿಡ್ಡ ಪದಗಳು ಹೊಂದಿಕೊಂಡು ಹೋಗುತ್ತವೆ. ಇದು ಪಕ್ಕಾ ನಿಯಮವಲ್ಲ, ಆದರೂ ಅನುಮಾನ ಬಂದಾಗ ನನಗೆ ದಾರಿ ತೋರಿಸಿದೆ.

‘ಸೇ’ ಮತ್ತು ‘ಟೆಲ್’ ಗೊಂದಲವೂ ಇಲ್ಲಿಯದೇ. ನಮಗೆ ಎರಡೂ ‘ಹೇಳು’. ‘ಟೆಲ್’ ಆದ ಮೇಲೆ ಕೇಳಿಸಿಕೊಳ್ಳುವವರು ಬೇಕು: ‘ಹಿ ಟೋಲ್ಡ್ ಮಿ’. ‘ಸೇ’ಗೆ ಬೇಕಿಲ್ಲ: ‘ಹಿ ಸೆಡ್ ಹಿ ವಾಸ್ ಟೈರ್ಡ್’. ‘ಹಿ ಸೆಡ್ ಮಿ’ ಅನ್ನುವುದಂತೂ ಯಾವತ್ತೂ ಆಗದು.

ಮೂರನೆಯದು, ಒಂದು ವರ್ಬ್ ಹಿಂದೆ ಇನ್ನೊಂದು ವರ್ಬ್. ವಾಂಟ್, ಡಿಸೈಡ್, ಹೋಪ್, ಪ್ರಾಮಿಸ್, ರೆಫ್ಯೂಸ್ ಆದ ಮೇಲೆ ‘ಟು’: ‘ಐ ಡಿಸೈಡೆಡ್ ಟು ಗೋ’. ಎಂಜಾಯ್, ಫಿನಿಶ್, ಅವಾಯ್ಡ್, ಮೈಂಡ್ ಆದ ಮೇಲೆ ‘ಇಂಗ್’: ‘ಐ ಫಿನಿಶ್ಡ್ ರೀಡಿಂಗ್’. ‘ಟು’ ಮುಂದಾಗುವುದರ ಕಡೆ ನೋಡುತ್ತದೆ, ‘ಇಂಗ್’ ಆಗಿದ್ದರ ಅಥವಾ ಆಗುತ್ತಿರುವುದರ ಕಡೆ ನೋಡುತ್ತದೆ ಅಂತ ಒಂದು ಸುಳಿವು ಕೊಡುತ್ತಾರೆ. ಸುಳಿವು ಚೆನ್ನಾಗಿದೆ, ಆದರೆ ‘ಸಜೆಸ್ಟ್ ಗೋಯಿಂಗ್’ ಬಂದಾಗ ಕೈಕೊಡುತ್ತದೆ. ಹೋಗುವುದು ಇನ್ನೂ ಮುಂದೆ ತಾನೇ!

ಆ ಸುಳಿವು ನಿಜವಾಗಿ ಕೆಲಸಕ್ಕೆ ಬರುವುದು ಎರಡನ್ನೂ ಒಪ್ಪುವ ವರ್ಬ್‌ಗಳಲ್ಲಿ. ‘ರಿಮೆಂಬರ್ ಟು ಲಾಕ್ ದ ಡೋರ್’ ಅಂದರೆ ಬೀಗ ಹಾಕುವುದನ್ನು ಮರೆಯಬೇಡ. ಬೀಗ ಇನ್ನೂ ಬಿದ್ದಿಲ್ಲ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಅಂದರೆ ಬೀಗ ಹಾಕಿದ್ದು ನೆನಪಿದೆ. ‘ಹಿ ಸ್ಟಾಪ್ಡ್ ಟಾಕಿಂಗ್’ ಅಂದರೆ ಮಾತು ನಿಲ್ಲಿಸಿದ. ‘ಹಿ ಸ್ಟಾಪ್ಡ್ ಟು ಟಾಕ್’ ಅಂದರೆ ಮಾತಾಡೋಣ ಅಂತ ನಿಂತ. ಒಂದೇ ವರ್ಬ್, ಎರಡು ಬೇರೆ ಕಥೆ. ಒಂದು ಎಚ್ಚರಿಕೆ: ‘ಲುಕ್ ಫಾರ್ವರ್ಡ್ ಟು’ನಲ್ಲಿರುವ ‘ಟು’ ಈ ‘ಟು’ ಅಲ್ಲ. ಅದರ ಮುಂದೆ ‘ಮೀಟಿಂಗ್ ಯು’ ಬರುತ್ತದೆ, ‘ಮೀಟ್ ಯು’ ಅಲ್ಲ. ಪತ್ರದ ಕೊನೆಯ ಸಾಲಲ್ಲಿ ಎಡವುವವರು ಬಹಳ.

ನಾಲ್ಕನೆಯದು, ಬೇರೆಯವರಿಂದ ಕೆಲಸ ಮಾಡಿಸುವುದು. ಕನ್ನಡದಲ್ಲಿ ‘ಇಸು’ ಸೇರಿಸಿದರೆ ಸಾಕು: ಮಾಡು, ಮಾಡಿಸು, ನಗು, ನಗಿಸು. ಇಂಗ್ಲಿಷ್‌ನಲ್ಲಿ ಆ ‘ಇಸು’ವಿನ ಕೆಲಸವನ್ನು ಪ್ಯಾಟರ್ನ್ ಮಾಡುತ್ತದೆ. ‘ಶಿ ಮೇಡ್ ಮಿ ಲಾಫ್’, ನಡುವೆ ‘ಟು’ ಇಲ್ಲ. ‘ಲೆಟ್ ಮಿ ಗೋ’, ಇಲ್ಲೂ ಇಲ್ಲ. ಆದರೆ ‘ಅಲೌ ಮಿ ಟು ಗೋ’, ‘ಆಸ್ಕ್ಡ್ ಹಿಮ್ ಟು ವೇಟ್’, ‘ವಾಂಟ್ ಯು ಟು ಕಮ್’. ಇಲ್ಲೆಲ್ಲ ಇದೆ. ‘ನೀನು ಬರಬೇಕು ಅಂತ ಆಸೆ’ ಅನ್ನುವುದನ್ನು ಹಾಗೇ ಎತ್ತಿ ‘ಐ ವಾಂಟ್ ದಟ್ ಯು ಕಮ್’ ಅನ್ನಬೇಡಿ. ತಮಾಷೆ ಏನೆಂದರೆ, ‘ಮೇಡ್’ ತಿರುಗಿ ಪ್ಯಾಸಿವ್ ಆದಾಗ ಕಳೆದುಹೋದ ‘ಟು’ ವಾಪಸ್ ಬರುತ್ತದೆ: ‘ಐ ವಾಸ್ ಮೇಡ್ ಟು ವೇಟ್’.

ಇದನ್ನೆಲ್ಲ ಪಟ್ಟಿ ಮಾಡಿ ಉರುಹೊಡೆದರೆ ನಿಲ್ಲಲ್ಲ, ನಾನು ಮಾಡಿ ನೋಡಿದ್ದೇನೆ. ಹೊಸ ವರ್ಬ್ ಸಿಕ್ಕಾಗ ಅರ್ಥದ ಬದಲು ಒಂದು ಪೂರ್ತಿ ವಾಕ್ಯ ಬರೆದಿಡಿ, ಅದೂ ನಿಮ್ಮದೇ ದಿನದ್ದು. ಕಲಿಯುವವರಿಗಾಗಿ ಮಾಡಿದ ಡಿಕ್ಷನರಿಗಳಲ್ಲಿ ‘ಸಮ್‌ಬಡಿ’, ‘ಸಮ್‌ಥಿಂಗ್’ ಅನ್ನುವುದನ್ನು ಚಿಕ್ಕದಾಗಿ ಬರೆದು, ವರ್ಬ್ ಜೊತೆ ಯಾವುದು ಯಾವ ಜಾಗದಲ್ಲಿ ಬರುತ್ತದೆ ಅಂತ ತೋರಿಸಿರುತ್ತಾರೆ. ಸಾಮಾನ್ಯವಾಗಿ ನಾವು ಅದನ್ನು ಹಾರಿಸಿ ನೇರ ಅರ್ಥಕ್ಕೆ ಹೋಗುತ್ತೇವೆ. ಹಾರಿಸಬೇಡಿ. ಒಂದು ವಾರ ಓದುವಾಗ ಒಂದೇ ವರ್ಬ್ ಹಿಂದೆ ಬೀಳಿ.

ಶುರು ಮಾಡಲು ‘ಗೆಟ್’ ಚೆನ್ನಾಗಿರುತ್ತದೆ. ‘ಗಾಟ್ ಎ ಲೆಟರ್’ ಅಂದರೆ ಕಾಗದ ಬಂತು. ‘ಗಾಟ್ ಟೈರ್ಡ್’ ಅಂದರೆ ದಣಿವಾಯಿತು. ‘ಗಾಟ್ ಹಿಮ್ ಟು ಸೈನ್’ ಅಂದರೆ ಒಪ್ಪಿಸಿ ಸಹಿ ಹಾಕಿಸಿದೆ. ‘ಐ ಗಾಟ್ ಮೈ ಹೇರ್ ಕಟ್’ ಅಂದರೆ ಕೂದಲು ಕತ್ತರಿಸಿಕೊಂಡು ಬಂದೆ, ಕತ್ತರಿಸಿದ್ದು ಬೇರೆಯವರು. ಸುಮ್ನೆ ‘ಐ ಕಟ್ ಮೈ ಹೇರ್’ ಅಂದುಬಿಟ್ಟರೆ ಕನ್ನಡಿ ಮುಂದೆ ನೀವೇ ಕತ್ತರಿ ಹಿಡಿದು ನಿಂತಂತೆ ಕೇಳಿಸುತ್ತದೆ.