ಪ್ರೊಫೆಸರ್ ರಾಜಕಾರಣಿಯ ಬದುಕನ್ನು ಓದುವುದು ಹೇಗೆ? ಕ್ಲಾವೆರೊ ಅವರನ್ನೇ ತಗೊಳ್ಳೋಣ

ನಾನು ಕಾನೂನು ಕಾಲೇಜಿನಲ್ಲಿ ಸಂವಿಧಾನ ಕಲಿಸುತ್ತೇನೆ. ಹೊರದೇಶದ ಒಬ್ಬ ನಾಯಕನ ಬಗ್ಗೆ ಸೆಮಿನಾರ್ ಮಾಡಿ ಅಂದರೆ ಹುಡುಗರು ಹುಟ್ಟಿದ ಊರು, ಪಡೆದ ಪದವಿ, ಹಿಡಿದ ಹುದ್ದೆಗಳನ್ನು ಸಾಲಾಗಿ ಬರೆದುಕೊಂಡು ಬರುತ್ತಾರೆ. ಒಂದೂ ತಪ್ಪಿರುವುದಿಲ್ಲ, ಆದರೆ ಆ ಮನುಷ್ಯ ಯಾಕೆ ಮುಖ್ಯ ಅನ್ನುವುದೇ ಗೊತ್ತಾಗುವುದಿಲ್ಲ. ನಾನು ಹೇಳಿಕೊಡುವ ಕ್ರಮ ಬೇರೆ. ಸ್ಪೇನಿನ ಮಾನ್ವೆಲ್ ಕ್ಲಾವೆರೊ ಅರೆವಾಲೊ ಅವರನ್ನು ಇಟ್ಟುಕೊಂಡು ಹೇಳುತ್ತೇನೆ.

ಹುದ್ದೆಗಳ ಪಟ್ಟಿಯನ್ನು ಐದಾರು ಸಾಲಿನಲ್ಲಿ ಮುಗಿಸಿ. 1926ರಲ್ಲಿ ಸೆವಿಯಾದಲ್ಲಿ ಹುಟ್ಟಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆಡಳಿತ ಕಾನೂನಿನ ಪ್ರೊಫೆಸರ್, ಆಮೇಲೆ ರೆಕ್ಟರ್, ಅಂದರೆ ವಿಶ್ವವಿದ್ಯಾಲಯದ ಮುಖ್ಯಸ್ಥ. ಮುಂದೆ ಪ್ರಧಾನಿಯಾದ ಫೆಲಿಪೆ ಗೊನ್ಸಾಲೆಸ್ ಇವರ ಬಳಿ ಓದಿದವರು. ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿ ಸತ್ತ ಮೇಲೆ, ಸೆವಿಯಾ ಇರುವ ದಕ್ಷಿಣದ ಪ್ರಾಂತ್ಯ ಆಂಡಲೂಸಿಯಾದಲ್ಲಿ ಒಂದು ಸಣ್ಣ ಪಕ್ಷ ಕಟ್ಟಿ, ಆಗಿನ ಪ್ರಧಾನಿ ಅಡೊಲ್ಫೊ ಸುವಾರೆಸ್ ಅವರ ಮಧ್ಯಮಪಂಥದ ಯುಸಿಡಿ ಪಕ್ಷದ ಜೊತೆ ಸೇರಿದರು. 1977ರಲ್ಲಿ ಪ್ರಾಂತ್ಯಗಳ ವ್ಯವಹಾರದ ಸಚಿವ, 1979ರಲ್ಲಿ ಸಂಸ್ಕೃತಿ ಸಚಿವ. 2021ರಲ್ಲಿ ತೀರಿಕೊಂಡರು. ಇಷ್ಟು ಸಾಕು.

ಈಗ ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಮನುಷ್ಯ ಯಾವಾಗ, ಯಾತಕ್ಕೆ ಕುರ್ಚಿ ಬಿಟ್ಟರು? ಕುರ್ಚಿ ಸಿಕ್ಕಿದ್ದಕ್ಕೆ ನೂರು ಕಾರಣ ಇರಬಹುದು. ಬಿಟ್ಟಿದ್ದಕ್ಕೆ ಸಾಮಾನ್ಯವಾಗಿ ಒಂದೇ ಇರುತ್ತದೆ. ಕ್ಲಾವೆರೊ ರಾಜೀನಾಮೆ ಕೊಟ್ಟಿದ್ದು 1980ರ ಜನವರಿಯಲ್ಲಿ. ಆಂಡಲೂಸಿಯಾ ಸ್ವಾಯತ್ತತೆಗೆ ಸಂವಿಧಾನದ 151ನೇ ವಿಧಿಯ ದಾರಿ ಹಿಡಿದಿತ್ತು. ಬೇಡ, 143ರಲ್ಲೇ ಹೋಗಲಿ ಎಂದು ಅವರದೇ ಪಕ್ಷ ತೀರ್ಮಾನಿಸಿತು. ಅವರು ಒಪ್ಪಲಿಲ್ಲ, ಹೊರಬಂದರು.

ಹುಡುಗರು ಇಲ್ಲಿ ಮುಂದಿನ ಪುಟಕ್ಕೆ ಹಾರುತ್ತಾರೆ. ಹಾರಬೇಡಿ. 1978ರ ಸ್ಪ್ಯಾನಿಷ್ ಸಂವಿಧಾನ ತೆಗೆದು ಆ ಎರಡು ವಿಧಿಗಳನ್ನು ಅಕ್ಕಪಕ್ಕ ಇಟ್ಟು ಓದಿ. 143 ನಿಧಾನದ ದಾರಿ. ಮೊದಲು ಕೆಲವೇ ಅಧಿಕಾರ, ಹೆಚ್ಚು ಬೇಕಾದರೆ ಐದು ವರ್ಷ ಕಾಯಬೇಕು. 151ರಲ್ಲಿ ದೊಡ್ಡ ಅಧಿಕಾರ ಶುರುವಿನಲ್ಲೇ ಸಿಗುತ್ತದೆ, ಆದರೆ ಷರತ್ತು ಬಲು ಕಠಿಣ. ಪ್ರತಿ ಜಿಲ್ಲೆಯಲ್ಲೂ ನಾಲ್ಕರಲ್ಲಿ ಮೂರು ಪಾಲು ಪುರಸಭೆಗಳು ಕೇಳಬೇಕು. ಆಮೇಲೆ ಜನಮತ. ಅದರಲ್ಲೂ ಪ್ರತಿ ಜಿಲ್ಲೆಯ ಒಟ್ಟು ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೌದು ಅನ್ನಬೇಕು. ಕ್ಯಾಟಲೋನಿಯಾ, ಬಾಸ್ಕ್, ಗಲಿಸಿಯಾಗಳಿಗೆ ಈ ಷರತ್ತುಗಳಿಂದ ವಿನಾಯಿತಿ ಇತ್ತು, ಹಿಂದೆ ಅಲ್ಲಿನ ಜನ ಸ್ವಾಯತ್ತತೆಗೆ ಮತ ಹಾಕಿದ್ದರು ಅಂತ. ಆಂಡಲೂಸಿಯಾಕ್ಕೆ ಇರಲಿಲ್ಲ. ಇದನ್ನು ಓದಿದ ಮೇಲೆ ಆ ರಾಜೀನಾಮೆ ಸುಮ್ನೆ ಒಳಜಗಳ ಅಂತ ಅನ್ನಿಸುವುದಿಲ್ಲ, ಅಲ್ವಾ? ಅದು ಒಬ್ಬ ಆಡಳಿತ ಕಾನೂನು ಮೇಷ್ಟ್ರ ಆಕ್ಷೇಪಣೆ.

ಮುಂದೆ ಮತಪತ್ರ ನೋಡಿ. 1980ರ ಫೆಬ್ರವರಿ 28ರಂದು ಜನರ ಮುಂದಿಟ್ಟ ಪ್ರಶ್ನೆ ಹೆಚ್ಚುಕಮ್ಮಿ ಹೀಗಿತ್ತು: ಸಂವಿಧಾನದ ನೂರ ಐವತ್ತೊಂದನೇ ವಿಧಿಯಲ್ಲಿ ಹೇಳಿರುವ ಉಪಕ್ರಮವನ್ನು, ಅದೇ ವಿಧಿಯ ಕ್ರಮದಂತೆ ನಡೆಸುವುದಕ್ಕಾಗಿ, ಸ್ಥಿರೀಕರಿಸಲು ನಿಮ್ಮ ಒಪ್ಪಿಗೆ ಇದೆಯೇ? ಆಂಡಲೂಸಿಯಾ ಎಂಬ ಹೆಸರೇ ಅದರಲ್ಲಿಲ್ಲ. ಸ್ವಾಯತ್ತತೆ ಎಂಬ ಪದವೂ ಇಲ್ಲ. ಹೊಲದಲ್ಲಿ ದುಡಿಯುವ ಮನುಷ್ಯ ಇದನ್ನು ಓದಿ ಏನು ಅರ್ಥ ಮಾಡಿಕೊಳ್ಳಬೇಕು? ಸರ್ಕಾರದ ಪಕ್ಷವಂತೂ ಮತ ಹಾಕಲೇಬೇಡಿ ಅಂದಿತು. ಕ್ಲಾವೆರೊ ಹೌದು ಅನ್ನಿ ಎಂದು ಕೇಳಿಕೊಂಡರು.

ಫಲಿತಾಂಶ ಓದುವಾಗ ಶೇಕಡಾ ಯಾವುದರ ಮೇಲೆ ಲೆಕ್ಕ ಹಾಕಿದ್ದು ಅನ್ನುವುದನ್ನು ಮೊದಲು ನೋಡಿ. ಎಂಟು ಜಿಲ್ಲೆಗಳಲ್ಲಿ ಅಲ್ಮೆರಿಯಾ ಒಂದು ಬಿದ್ದುಹೋಯಿತು. ಅಲ್ಲಿ ಬೇಡ ಅಂದವರು ಬಹಳ ಕಡಿಮೆ. ಹೌದು ಅಂದವರು ಪಟ್ಟಿಯಲ್ಲಿದ್ದ ಎಲ್ಲ ಮತದಾರರ ಲೆಕ್ಕದಲ್ಲಿ ಸುಮಾರು ಶೇ. 42 ಆಗಿದ್ದರು, ಅಷ್ಟೇ. ಮನೆಯಲ್ಲಿ ಕೂತವರ ಮತವೂ ಬೇಡ ಎಂದೇ ಎಣಿಕೆಯಾದ ಹಾಗೆ. ಕೊನೆಗೆ ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಕಾನೂನು ತಿದ್ದಿ ಅಲ್ಮೆರಿಯಾವನ್ನು ಸೇರಿಸಿಕೊಂಡಿತು. ಈ ತಿದ್ದುಪಡಿ ಬಿಟ್ಟರೆ ನಿಮ್ಮ ಲೇಖನ ಅರ್ಧವೇ.

ಎದುರುವಾದವನ್ನೂ ಬರೆಯಿರಿ. ಎಲ್ಲ ಪ್ರಾಂತ್ಯಕ್ಕೂ ಸ್ವಾಯತ್ತತೆ ಎನ್ನುವ ಕ್ಲಾವೆರೊ ಅವರ ನಿಲುವಿಗೆ ಸ್ಪೇನಿನಲ್ಲಿ 'ಎಲ್ಲರಿಗೂ ಕಾಫಿ' ಎಂಬ ಹೆಸರು ಬಿತ್ತು. ನಮ್ಮ ಪ್ರತ್ಯೇಕತೆಯನ್ನು ನೀರು ಮಾಡಿದರು ಎಂಬ ದೂರು ಕ್ಯಾಟಲನ್ ಮತ್ತು ಬಾಸ್ಕ್ ರಾಷ್ಟ್ರೀಯವಾದಿಗಳದ್ದು. ಆ ದೂರಿನಲ್ಲಿ ಹುರುಳಿದೆ. ಆದರೂ ಇವತ್ತಿನ 17 ಸ್ವಾಯತ್ತ ಪ್ರಾಂತ್ಯಗಳನ್ನು ನೋಡಿದರೆ ನನ್ನ ಒಲವು ಕ್ಲಾವೆರೊ ಕಡೆಗೇ. ಬಡ ಪ್ರಾಂತ್ಯ ಕಾಯುತ್ತಾ ಕೂರಲಿ ಎನ್ನುವ ನಿಯಮ ನನಗೆ ಒಪ್ಪಿಗೆಯಿಲ್ಲ.

ರಾಜೀನಾಮೆಯಿಂದ ಅವರಿಗೇನು ಸಿಕ್ಕಿತು ಎಂಬುದನ್ನೂ ಮುಚ್ಚಿಡಬೇಡಿ. ಅವರು ಕಟ್ಟಿದ 'ಉನಿದಾದ್ ಆಂದಲೂಸಾ' ಪಕ್ಷ ಬೆಳೆಯಲಿಲ್ಲ. 1982ರ ಮೇ ತಿಂಗಳಲ್ಲಿ ಮೊದಲ ಆಂಡಲೂಸಿಯಾ ಸಂಸತ್ತಿಗೆ ಚುನಾವಣೆ ನಡೆದಾಗ 109ರಲ್ಲಿ 66 ಸ್ಥಾನ ಗೆದ್ದವರು ಸಮಾಜವಾದಿಗಳು. ಯುಸಿಡಿಗೆ ಬಂದಿದ್ದು 15.

ಇದೇ ಕ್ರಮದಲ್ಲಿ ಇನ್ನೊಂದು ಮಾಡಬೇಕೆಂದರೆ ಅಲ್ಲಿ ಅಧಿಕಾರ ಹಿಡಿದ ರಫಾಯೆಲ್ ಎಸ್ಕುರೆದೊ ಅವರನ್ನು ತಗೊಳ್ಳಿ. ಅವರು ಕಾರ್ಮಿಕರ ವಕೀಲರು. ಅದೇ ಜನಮತಕ್ಕೆ ಮುಂಚೆ ಉಪವಾಸ ಕೂತವರು. ಅಲ್ಲಿಂದಲೇ ಶುರು ಮಾಡಬಹುದು.